ಬದಲಿ ಚಾಲಕನ ಸಾಲು

"ನನ್ನ ಹೆಸರು ಯಾಕೆ ತೆಗೆದ್ರಿ, ಮೇಡಂ?"

ಬಸ್ ಡಿಪೋದ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತಿದ್ದ ಬದಲಿ ಚಾಲಕ ದನಿ ಏರಿಸಲಿಲ್ಲ. ಆದರೂ ಅವನ ಕಣ್ಣಲ್ಲಿದ್ದ ನೋವು ಕಂಪ್ಯೂಟರ್ ಮುಂದೆ ಕುಳಿತಿದ್ದ ಅವಳ ಎದೆಗೆ ನಾಟಿತು. ಯಾರು ರಜೆ ಹಾಕಿದರೂ ಅವರ ಮಾರ್ಗಕ್ಕೆ ಓಡುತ್ತಿದ್ದವನು ಅವನೇ. ಇಂದಿನ ಡ್ಯೂಟಿ ಪಟ್ಟಿಯಲ್ಲಿ ಅವನೇ ಇರಲಿಲ್ಲ.

ಡಿಪೋದ ಡೇಟಾಬೇಸ್ ಅವಳ ಜವಾಬ್ದಾರಿ. ಮೊದಲು ಪ್ರತಿ ಟ್ರಿಪ್ಪಿನ ಸಾಲಿನಲ್ಲೂ ಅದೇ ಮಾರ್ಗ, ಅದೇ ಚಾಲಕ, ಅದೇ ಫೋನ್ ನಂಬರ್ ಮತ್ತೆ ಮತ್ತೆ ಇರುತ್ತಿತ್ತು. ಒಂದು ನಂಬರ್ ಬದಲಾದರೆ ನೂರಾರು ಕಡೆ ತಿದ್ದಬೇಕಿತ್ತು. ಮಾರ್ಗ ತಿಳಿದರೆ ಚಾಲಕ ಯಾರೆಂದು ಬಹುಮಟ್ಟಿಗೆ ತಿಳಿಯುತ್ತಿದ್ದುದರಿಂದ, ಮಾರ್ಗಕ್ಕೊಂದೇ ಸಾಲು ಉಳಿಸಿದ್ದಳು. ಮಾರ್ಗಕ್ಕೊಬ್ಬ ಚಾಲಕ ಎಂಬ ಆ ನಿಯಮಕ್ಕೆ ಒಗ್ಗದ ಬದಲಿ ಚಾಲಕರ ಸಾಲುಗಳನ್ನು ಡೇಟಾಬೇಸಿನಲ್ಲೇ ಬೇರೆ ಟೇಬಲ್ಲಿನಲ್ಲಿ, ಅಂದರೆ ಬೇರೊಂದು ಪಟ್ಟಿಯಲ್ಲಿ, ಜೋಪಾನ ಮಾಡಿದ್ದಳು. ಅವಳಿಗೆ ತಿಳಿಸದೆ ಮ್ಯಾನೇಜರ್ ಅದನ್ನು ಕಸವೆಂದು ಅಳಿಸಿಬಿಟ್ಟಿದ್ದರು.

ಅವಳು ವಿವರಿಸಲು ಹೋದಳು. ಬೇರೆ ಟೇಬಲ್ ಎಂಬುದಷ್ಟೇ ಅವನ ಕಿವಿಗೆ ಬಿತ್ತು.

"ಅಂದ್ರೆ ಮೊದಲೇ ನಮ್ಮನ್ನ ಮೂಲೆಗೆ ತಳ್ಳಿದ್ರಿ" ಎಂದವನೇ ಹೊರಟುಹೋದ.

ಅಂದು ಅವಳಿಗೆ ಊಟ ಸೇರಲಿಲ್ಲ. ಮ್ಯಾನೇಜರನ್ನು ಪ್ರಶ್ನಿಸುತ್ತೇನೆ ಎಂದದ್ದಕ್ಕೆ, ಡ್ರೈವರ್ ಒಬ್ಬನಿಗಾಗಿ ಕೆಲಸ ಕಳೆದುಕೊಳ್ಳಬೇಡ ಎಂದು ಅಮ್ಮ ಗದರಿದರು. ಅವನಿಗಾಗಿಯೇ? ಅಲ್ಲ... ತಾನು ಕಾಪಾಡಿದ್ದನ್ನು ಇನ್ನೊಬ್ಬರು ಕಸ ಎನ್ನುವುದನ್ನು ಅವಳು ಸಹಿಸಲಾರಳು.

ಮರುದಿನ ಸಭೆಯಲ್ಲಿ ಮ್ಯಾನೇಜರ್ ಹೊಸ ಪಟ್ಟಿಗೆ ಅವಳ ಸಹಿ ಕೇಳಿದರು. ಅಳಿಸಿದ ಸಾಲುಗಳು ಮೊದಲು ಬರಲಿ ಎಂದು ಅವಳು ಹೇಳಿದಾಗ, ಎಲ್ಲೋ ನಾಲ್ಕು ಸಾಲಿಗೆ ಇಷ್ಟು ಹಟವೇಕೆ ಎಂದು ನಕ್ಕರು.

ಅವಳು ಎದ್ದು ನಿಂತಳು.

"ಆ ಸಾಲುಗಳು ತಪ್ಪಲ್ಲ, ಸರ್. ನಮ್ಮ ನಿಯಮ ಪೂರ್ತಿ ನಿಜ ಅಲ್ಲ, ಅಷ್ಟೆ. ಅವು ವಾಪಸ್ ಬರೋವರೆಗೂ ನಾನು ಸಹಿ ಹಾಕಲ್ಲ. ಬೇಕಾದ್ರೆ ನನ್ನನ್ನೇ ತೆಗೀರಿ."

ಅಷ್ಟರಲ್ಲಿ ಫೋನ್ ಬಂತು. ಇಬ್ಬರು ಚಾಲಕರಿಗೆ ಜ್ವರ, ಬದಲಿಗೆ ಪಟ್ಟಿಯಲ್ಲಿ ಯಾರೂ ಇಲ್ಲ, ಬಸ್ಸುಗಳು ನಿಂತೇ ಇವೆ. ಮ್ಯಾನೇಜರ್ ಮುಖ ಸಿಂಡರಿಸಿಕೊಂಡೇ ಒಪ್ಪಿದರು. ಬ್ಯಾಕಪ್ಪಿನಿಂದ ಅವಳು ಆ ಟೇಬಲ್ಲನ್ನು ಮರಳಿ ತಂದಳು.

ಡಿಪೋದ ಮೆಕ್ಯಾನಿಕ್ ಒಬ್ಬನಿಂದ ಎಲ್ಲವನ್ನೂ ಕೇಳಿದ ಆ ಬದಲಿ ಚಾಲಕ ಸಂಜೆ ಬಂದು ಕ್ಷಮೆ ಕೇಳಿದ. ಆಮೇಲೆ ದಿನವೂ ಏನಾದರೊಂದು ನೆಪ ಹಿಡಿದು ಬಂದ. ನೆಪಗಳು ಮುಗಿದ ಮೇಲೂ ಬಂದ. ಅವನ ಹೆಜ್ಜೆಯ ಸದ್ದಿಗೆ ಕಾಯುವುದು ಅವಳಿಗೂ ಅಭ್ಯಾಸವಾಯಿತು.

ಒಂದು ಸಂಜೆ ಖಾಲಿ ಬಸ್ಸಿನ ಮೆಟ್ಟಿಲ ಮೇಲೆ ಅವಳ ಪಕ್ಕ ಕುಳಿತು ಅವನು ಮೆಲ್ಲಗೆ ಹೇಳಿದ:

"ಇಷ್ಟು ದಿನ ಎಲ್ಲರ ದಾರೀಲೂ ಓಡಿದ್ದೀನಿ. ಮನೆ ಅಂತ ಸೇರೋದು ನಿಮ್ಮ ಹತ್ರಾನೇ ಆಗಲಿ ಅನ್ಸುತ್ತೆ... ನಿಮ್ಮಮ್ಮ ಒಪ್ಪಲ್ಲ ಅಲ್ವಾ?"

"ಒಪ್ಪಲ್ಲ."

ಅವನು ತಲೆ ತಗ್ಗಿಸಿದ. ಅವಳು ಅವನ ಕೈ ಹಿಡಿದುಕೊಂಡಳು.

"ಅದಕ್ಕೇ ನಡೀರಿ, ಇವತ್ತೇ ಹೋಗಿ ಇಬ್ಬರೂ ಒಟ್ಟಿಗೆ ಬೈಸಿಕೊಳ್ಳೋಣ."