ಪ್ಲಮ್ ಮರದ ಕೆಂಪು ದಾರ

"ಇನ್ನೂ ಹಾರಲಿಲ್ವಾ ಅದು?" ಮೋಮ್ಚಿಲ್ ಬ್ರೆಡ್ ಅಗಿಯುತ್ತಲೇ ಕೇಳಿದ.

"ಶ್, ಬಗ್ಗೋ. ನಿನ್ನ ತಲೆ ಕಾಣುತ್ತೆ."

ಮಳೆನೀರಿನ ಡ್ರಮ್ಮಿನ ಹಿಂದೆ ಕಲೀನಾ ಹೊಟ್ಟೆಯ ಮೇಲೆ ಮಲಗಿದ್ದಳು. ಶನಿವಾರ ಶಾಲೆ ಇರಲಿಲ್ಲ. ಬೆಳಿಗ್ಗೆಯಿಂದ ಅವಳ ಕಣ್ಣು ಕ್ಯಾಮೆರಾಕ್ಕೇ ಅಂಟಿಕೊಂಡಿತ್ತು. ಮೋಮ್ಚಿಲ್ ಅವಳ ಚಿಕ್ಕಪ್ಪನ ಮಗ, ಪಕ್ಕದ ಮನೆಯವನು. ಸುಮ್ಮನಿರುವುದು ಅಂದರೇನು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬ್ರೆಡ್ಡಿಗೆ ಸವರಿದ್ದ ಕೆಂಪು ಮೆಣಸಿನ ಗೊಜ್ಜು ಅವನ ಗಲ್ಲಕ್ಕೂ ಮೆತ್ತಿಕೊಂಡಿತ್ತು.

ಅಂಗಳದ ಆಚೆ ಪ್ಲಮ್ ಮರದ ಕೊಂಬೆಯ ತುದಿಯಲ್ಲಿ ಟೀ ಕಪ್ಪಿನಷ್ಟು ಚಿಕ್ಕ ಗೂಡು. ಕೆಂಪು ಮೊಗದ, ರೆಕ್ಕೆಯಲ್ಲಿ ಹಳದಿ ಪಟ್ಟೆಯಿರುವ ಪುಟ್ಟ ಹಕ್ಕಿಗಳದ್ದು. ನಾಲ್ಕು ಮರಿಗಳಲ್ಲಿ ಮೂರು ಬೆಳಿಗ್ಗೆಯೇ ಹಾರಿಹೋಗಿದ್ದವು. ನಾಲ್ಕನೆಯದು ಮಾತ್ರ ಗೂಡಿನ ಅಂಚಿಗೆ ಬಂದು, ರೆಕ್ಕೆ ಪಟಪಟ ಬಡಿದು, ಮತ್ತೆ ಒಳಗೆ ಬೀಳುತ್ತಿತ್ತು.

"ಥೇಟ್ ನೀನೇ ಕಣೋ," ಎಂದಳು ಕಲೀನಾ. "ಸೈಕಲ್ ಕಲಿಯೋಕೆ ಎರಡು ವರ್ಷ ತಗೊಂಡೆ."

"ಒಂದೂವರೆ."

ಮರಿ ಮತ್ತೆ ಅಂಚಿಗೆ ಬಂತು. ರೆಕ್ಕೆ ಬಿಚ್ಚಿತು. ಬಿಸಿಲಿಗೆ ಹಳದಿ ಪಟ್ಟೆ ಮಿಂಚಿತು. ಕಲೀನಾ ಬಟನ್ ಒತ್ತಿದಳು, ಒತ್ತುತ್ತಲೇ ಇದ್ದಳು.

"ಹತ್ತಿರ ಹೋಗಿ ಒಂಚೂರು ತಳ್ಳಿದ್ರೆ ಹಾರುತ್ತೆ. ಹೋಗ್ಲಾ?"

"ಹೋಗಿ ನೋಡು, ಕಾಲು ಮುರೀತೀನಿ. ಇಪ್ಪತ್ತು ಹೆಜ್ಜೆ. ವೆಲ್ಕೊ ಮಾವ ಏನು ಹೇಳಿದಾರೆ?"

ವೆಲ್ಕೊ ಮಾವ ಅದೇ ಬೀದಿಯವರು. ಮೂವತ್ತು ವರ್ಷ ಬಸ್ ಓಡಿಸಿ, ಈಗ ಹಕ್ಕಿಗಳ ಫೋಟೋ ತೆಗೆಯುತ್ತಾರೆ. ಚಳಿಗಾಲದಲ್ಲಿ ತಮ್ಮ ಹಳೆಯ ಕ್ಯಾಮೆರಾ ಕಲೀನಾಳಿಗೆ ಕೊಡುವಾಗ ಒಂದೇ ಮಾತು ಹೇಳಿದ್ದರು: "ಗೂಡಿಂದ ಇಪ್ಪತ್ತು ಹೆಜ್ಜೆ ದೂರ. ಫೋಟೋ ಹೋದ್ರೆ ಹೋಗ್ಲಿ, ಹಕ್ಕಿ ಇರಬೇಕು." ಆ ಹುಡುಗಿ ಒಂದು ದಿನವೂ ಒಂದು ಹೆಜ್ಜೆ ಮುಂದೆ ಇಟ್ಟವಳಲ್ಲ. ಇದನ್ನು ನಾನು ಮೊದಲೇ ಹೇಳಿಬಿಡಬೇಕು.

ದಾರದ ವಿಷಯವನ್ನೂ ಹೇಳಬೇಕು. ಮಾರ್ಚ್ ಒಂದಕ್ಕೆ ಬಲ್ಗೇರಿಯಾದ ಎಲ್ಲ ಮಕ್ಕಳ ಹಾಗೆ ಕಲೀನಾ ಕೂಡ ಕೈಗೆ ವಸಂತ ಬಂತೆಂದು ಕಟ್ಟುವ ಕೆಂಪು-ಬಿಳಿ ದಾರ, ಮಾರ್ತೆನಿತ್ಸ, ಕಟ್ಟಿಕೊಂಡಿದ್ದಳು. ಸ್ತೋಯ್ನಾ ಅಜ್ಜಿ ಉಣ್ಣೆಯಲ್ಲಿ ಹೊಸೆದುಕೊಟ್ಟದ್ದು ಅವಳಿಗೆ ಹಿಡಿಸಲಿಲ್ಲ. ಕ್ಲಾಸಿನವರೆಲ್ಲ ಅಂಗಡಿಯದ್ದು ಕಟ್ಟಿದ್ದರು. ಅವಳೂ ಹಟ ಮಾಡಿ ಫಳಫಳ ಹೊಳೆಯುವ ನೈಲಾನ್ ದಾರದ್ದೇ ತೆಗೆಸಿಕೊಂಡಳು.

ಮಾರ್ಚ್ ಕೊನೆಗೆ ಊರಿಗೆ ಮೊದಲ ಕೊಕ್ಕರೆ ಬಂತು. ಕೊಕ್ಕರೆ ಕಂಡ ಮೇಲೆ ದಾರ ಬಿಚ್ಚಬೇಕು, ಮರಕ್ಕೆ ಕಟ್ಟಿ ಏನಾದರೂ ಬೇಡಿಕೊಳ್ಳಬೇಕು.

"ಕಲ್ಲಿನ ಕೆಳಗೆ ಇಡೇ," ಎಂದಿದ್ದಳು ಅಜ್ಜಿ. "ನಾವೆಲ್ಲ ಹಾಗೇ ಇಡ್ತಿದ್ವಿ."

"ಅಜ್ಜೀ, ಅದೆಲ್ಲ ನಿನ್ನ ಕಾಲದ್ದು. ಈಗ ಯಾರು ಇಡ್ತಾರೆ?"

ಅವಳು ದಾರವನ್ನು ಪ್ಲಮ್ ಮರಕ್ಕೆ ಕಟ್ಟಿದಳು. ಯಾರ ಹತ್ತಿರವೂ ಇಲ್ಲದಂಥ ಒಂದು ಹಕ್ಕಿಯ ಫೋಟೋ ಈ ವರ್ಷ ನನಗೆ ಸಿಗಲಿ ಎಂದು ಕಣ್ಣು ಮುಚ್ಚಿ ಬೇಡಿಕೊಂಡಳು.

ಮೂರು ವಾರ ಕಳೆಯಿತು. ತಾಯಿಹಕ್ಕಿ ಬಂದು ಆ ದಾರವನ್ನೇ ಎಳೆದೆಳೆದು ಬಿಡಿಸಿಕೊಂಡಿತು. ಕೊಕ್ಕಿನಲ್ಲಿ ಕೆಂಪು-ಬಿಳಿ ದಾರ, ಸುತ್ತ ಎಳೆ ಹಸಿರು. ಕಲೀನಾ ಫೋಟೋ ತೆಗೆದಳು. ಟೀಚರ್ ಅದನ್ನು ನೋಡಿ ತಬ್ಬಿಕೊಂಡೇಬಿಟ್ಟರು. ಮೇ ಇಪ್ಪತ್ತನಾಲ್ಕಕ್ಕೆ ಬಲ್ಗೇರಿಯನ್ ಲಿಪಿಗೆಂದು ನಡೆಯುವ ಅಕ್ಷರದ ಹಬ್ಬಕ್ಕೆ ಶಾಲೆಯ ಸಭಾಂಗಣದಲ್ಲಿ ಹಾಕಲು ದೊಡ್ಡದಾಗಿ ಪ್ರಿಂಟ್ ಕೂಡ ಆಯಿತು. ಬೇಡಿದ್ದು ಇಷ್ಟು ಬೇಗ ಸಿಗುತ್ತದೆಂದು ಅವಳು ಎಣಿಸಿರಲಿಲ್ಲ.

ಈ ಶನಿವಾರ ಮಧ್ಯಾಹ್ನ ಅಜ್ಜಿ ಹುರುಳಿಕಾಯಿ ಸೂಪ್‌ಗೆ ಕರೆದಳು. ಕಲೀನಾ ಗಬಗಬ ತಿಂದು ವಾಪಸ್ ಬರುವಷ್ಟರಲ್ಲಿ ಗೂಡಿನ ಅಂಚಿನಲ್ಲಿ ಮರಿ ಇರಲಿಲ್ಲ. ಹಾರಿಹೋಗಿರಬೇಕು. ನನಗೆ ಕಾಣದ ಹಾಗೆ ಹಾರಿತಲ್ಲ ಎಂದು ಅವಳಿಗೆ ಸ್ವಲ್ಪ ಕೋಪವೂ ಬಂತು. ಕ್ಯಾಮೆರಾ ಎತ್ತಿಕೊಂಡು ವೆಲ್ಕೊ ಮಾವನ ಮನೆಗೆ ಓಡಿದಳು. ಮೋಮ್ಚಿಲ್ ಹಿಂದೆಯೇ ಬಂದ.

ವೆಲ್ಕೊ ಮಾವ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದರು. ಮೊದಮೊದಲು "ಭಲೇ" ಎನ್ನುತ್ತಿದ್ದರು. ಆಮೇಲೆ ಒಂದು ಫೋಟೋದ ಮುಂದೆ ಕನ್ನಡಕ ಸರಿಮಾಡಿಕೊಂಡರು.

"ಇದು ಎಷ್ಟು ಗಂಟೆಗೆ ತೆಗೆದಿದ್ದು?"

"ಹತ್ತಕ್ಕೆ."

"ಇದು?"

"ಹನ್ನೊಂದೂವರೆ ಇರಬೇಕು. ಹಾರೋದು ಕಲೀತಿದೆ ಮಾವ."

ಅವರು ಫೋಟೋವನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ರೆಕ್ಕೆ ಆಚೆ ಸರಿಯಿತು, ಹೊಟ್ಟೆ ಸರಿಯಿತು, ಸ್ಕ್ರೀನ್ ತುಂಬ ಒಂದು ಕಾಲು ಮಾತ್ರ ಉಳಿಯಿತು. ಕಡ್ಡಿಯಂಥ ಆ ಕಾಲಿಗೆ ಕೆಂಪು ಎಳೆಯೊಂದು ಎರಡು ಸುತ್ತು ಬಿಗಿದಿತ್ತು. ಅದರ ಇನ್ನೊಂದು ತುದಿ ಗೂಡಿನೊಳಗೆ ಹೋಗಿತ್ತು.

"ಏಣಿ ಎಲ್ಲಿದೆ ನಿಮ್ಮನೇಲಿ?" ಎಂದರು ವೆಲ್ಕೊ ಮಾವ, ಆಗಲೇ ಎದ್ದು ನಿಂತು.

ಮರಿ ಹಾರಿಹೋಗಿರಲಿಲ್ಲ. ಗೂಡಿನ ಕೆಳಗೆ, ಎಲೆಗಳ ಮರೆಯಲ್ಲಿ, ಒಂದೇ ಕಾಲಿನ ಮೇಲೆ ತಲೆಕೆಳಗಾಗಿ ನೇತಾಡುತ್ತಿತ್ತು. ತಾಯಿಹಕ್ಕಿ ಪಕ್ಕದ ಕೊಂಬೆಯಿಂದ ಕೂಗುತ್ತಲೇ ಇತ್ತು. ವೆಲ್ಕೊ ಮಾವ ಏಣಿ ಹತ್ತಿ, ಕತ್ತರಿಯಿಂದ ದಾರ ಕತ್ತರಿಸಿ, ಮರಿಯನ್ನು ಕಲೀನಾಳ ಬೊಗಸೆಯಲ್ಲಿ ಇಟ್ಟರು.

"ಬೆಚ್ಚಗಿದೆ ಮಾವ," ಎಂದಳು ಅವಳು. "ನೋಡಿ, ಇನ್ನೂ ಬೆಚ್ಚಗಿದೆ."

"ಬಿಸಿಲಿಗೆ, ಮಗಳೇ. ಬಿಸಿಲಿಗೆ ಬೆಚ್ಚಗಿದೆ ಅಷ್ಟೇ."

ಮೋಮ್ಚಿಲ್ "ನಾನು ಹೋಗ್ಲಾ ಅಂತ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ವೆಲ್ಕೊ ಮಾವ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಇಪ್ಪತ್ತು ಹೆಜ್ಜೆ ಅಂದೋನು ನಾನು," ಎಂದರು. "ದೂರ ನಿಂತು ನೋಡು ಅಂದೆ. ಏನು ನೋಡ್ಬೇಕು ಅಂತ ಹೇಳ್ಕೊಡಲಿಲ್ಲ."

ಸಂಜೆ ಕಲೀನಾ ಊಟ ಮಾಡಲಿಲ್ಲ. ಅಡುಗೆಮನೆಯ ಮೇಜಿಗೆ ತಲೆ ಆನಿಸಿ ಕುಳಿತಳು.

"ಅಜ್ಜಿ, ನಾನು ಮರದ ಹತ್ತಿರ ಏನು ಬೇಡ್ಕೊಂಡೆ ಗೊತ್ತಾ? ಫೋಟೋ. ಸಿಕ್ತು."

ಉಣ್ಣೆಯದಾಗಿದ್ದರೆ ಎರಡು ಮಳೆಗೆ ಲಡ್ಡಾಗಿ ಕಿತ್ತುಹೋಗುತ್ತಿತ್ತು ಎಂದು ಸ್ತೋಯ್ನಾ ಅಜ್ಜಿಗೆ ಅನಿಸಿತು. ಆದರೆ ಹೇಳಲಿಲ್ಲ. ನಿನ್ನ ತಪ್ಪಲ್ಲ ಎಂದೂ ಹೇಳಲಿಲ್ಲ. ಅಜ್ಜಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಅಳು," ಎಂದಳು, ಅವಳ ಕೂದಲಲ್ಲಿ ಕೈಯಾಡಿಸುತ್ತ. "ಸೂಪ್ ಆಮೇಲೆ ಬಿಸಿ ಮಾಡ್ತೀನಿ."

ಸೋಮವಾರ ಕಲೀನಾ ಟೀಚರ್ ಮುಂದೆ ಇನ್ನೊಂದು ಫೋಟೋ ಇಟ್ಟಳು. ರೆಕ್ಕೆ ಬಿಚ್ಚಿದ ಮರಿ, ಕಾಲಲ್ಲಿ ಕೆಂಪು ಗೆರೆ. "ಅದರ ಪಕ್ಕ ಇದನ್ನೂ ಹಾಕಿ ಟೀಚರ್."

ಟೀಚರ್ ಅದನ್ನು ಬಹಳ ಹೊತ್ತು ನೋಡಿದರು. "ಹಬ್ಬದ ದಿನ ಇದು ಬೇಡ ಪುಟ್ಟೀ. ಜನ ಖುಷಿಯಾಗಿರೋಕೆ ಬರ್ತಾರೆ. ಮೊದಲನೇದು ಎಷ್ಟು ಚೆನ್ನಾಗಿದೆ, ಅದೊಂದೇ ಸಾಕು."

"ಹಾಗಾದ್ರೆ ಅದೂ ಬೇಡ," ಎಂದಳು ಕಲೀನಾ. ದೊಡ್ಡ ಪ್ರಿಂಟನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ತಂದಳು.

ಹಬ್ಬದ ದಿನ ಸಭಾಂಗಣದಲ್ಲಿ ಹಾಡು ಮುಗಿಯುವ ಮೊದಲೇ ಅವಳು ಹೊರಗೆ ಬಂದಳು. ಶಾಲೆಯ ಬೀದಿಯ ಚೆರ್ರಿ ಮರಗಳ ತುಂಬ ಇನ್ನೂ ಕೆಂಪು-ಬಿಳಿ ದಾರಗಳು. ಕ್ಯಾಮೆರಾ ಕೊರಳಲ್ಲಿತ್ತು, ಕತ್ತರಿ ಜೇಬಿನಲ್ಲಿತ್ತು. ಒಂದೊಂದೇ ಕತ್ತರಿಸತೊಡಗಿದಳು.

"ಹುಚ್ಚೇನೇ ನಿಂಗೆ?" ಓಡಿಬಂದ ಮೋಮ್ಚಿಲ್ ಕೇಳಿದ. "ಅವೆಲ್ಲ ಜನ ಬೇಡ್ಕೊಂಡಿರೋದು. ಕಿತ್ತರೆ ಬೈತಾರೆ."

"ಬಿಸಾಡಲ್ಲ. ಕಲ್ಲಿನ ಕೆಳಗೆ ಇಡ್ತೀನಿ. ಅಲ್ಲಿದ್ರೂ ನಡೆಯುತ್ತೆ ಅಂತ ಅಜ್ಜಿ ಹೇಳಿದಾಳೆ."

ಮೋಮ್ಚಿಲ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಹಬ್ಬದ ಬಿಳಿ ಶರ್ಟಿನ ತೋಳು ಮಡಚಿ, ಗೋಡೆಯ ಬುಡದ ದೊಡ್ಡ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಕೆಳಗೆ ಇರುವೆಗಳು ಗಡಿಬಿಡಿಯಿಂದ ಓಡಾಡಿದವು. ಕಲೀನಾ ದಾರಗಳನ್ನು ಅಲ್ಲಿಟ್ಟಳು.

ಆಗಲೇ ಅದೇ ಜಾತಿಯ ಹಕ್ಕಿಯೊಂದು ಬಂತು. ಕೆಂಪು ಮೊಗ, ಹಳದಿ ಪಟ್ಟೆ. ಐದೇ ಹೆಜ್ಜೆ ದೂರದ ಮುಳ್ಳುಗಿಡದ ಮೇಲೆ ತಾನಾಗಿಯೇ ಬಂದು ಕುಳಿತಿತು. ಇಷ್ಟು ಹತ್ತಿರ ಅವಳಿಗೆ ಎಂದೂ ಸಿಕ್ಕಿರಲಿಲ್ಲ.

"ತೆಗಿಯೇ," ಮೋಮ್ಚಿಲ್ ಕಲ್ಲು ಹಿಡಿದುಕೊಂಡೇ ಪಿಸುಗುಟ್ಟಿದ. "ಬೇಗ ತೆಗಿ."

ಕಲೀನಾ ಕ್ಯಾಮೆರಾ ಎತ್ತಿದಳು. ಕೆಂಪು ಮೊಗವನ್ನು ದಾಟಿ, ಹಳದಿ ಪಟ್ಟೆಯನ್ನು ದಾಟಿ, ಕೆಳಗೆ ಇಳಿದಳು. ಒಂದು ಕಾಲು ನೋಡಿದಳು. ಹಕ್ಕಿ ತಿರುಗುವ ತನಕ ಕಾದು ಇನ್ನೊಂದು ಕಾಲೂ ನೋಡಿದಳು.

"ಏನೂ ಇಲ್ಲ," ಎಂದು ಉಸಿರು ಬಿಟ್ಟಳು.

ಅಷ್ಟರಲ್ಲಿ ಹಕ್ಕಿ ಹಾರಿಹೋಗಿತ್ತು.