ಕೊನೆಯ ಜಿಗಿತ

ಇದನ್ನು ನನಗೆ ಹೇಳಿದವರು ಬಟ್ಟೆ ಹೊಲಿಯುವ ಹೆಂಗಸೊಬ್ಬರು. ನಾನಾಗಿ ಏನನ್ನೂ ಸೇರಿಸಿಲ್ಲ. ಸಂಗೀತದ ತಾಳಕ್ಕೆ ಸರಿಯಾಗಿ ಬೆರಳೊತ್ತಿ ಮುಳ್ಳುಗಳನ್ನು ಹಾರುವ ಮೊಬೈಲ್ ಆಟವೊಂದಕ್ಕೆ ಅವರ ತಮ್ಮ ಬಲು ಕಠಿಣವಾದ ಹಂತವೊಂದನ್ನು ಕಟ್ಟಿದ್ದ. ಒಮ್ಮೆ ತಪ್ಪಿದರೆ ಮತ್ತೆ ಮೊದಲಿನಿಂದ. ಕಟ್ಟಿದವನೇ ಆಡಿ ಮುಗಿಸುವವರೆಗೆ ಹಂತ ಬೇರೆಯವರಿಗೆ ತೆರೆಯದು.

"ಬರೀ ಸೋಲೋದ್ರಲ್ಲಿ ಅದೇನೋ ಸುಖ ನಿಂಗೆ?" ಎಂದು ಅಕ್ಕ ಹಂಗಿಸುತ್ತಿದ್ದರಂತೆ.

"ಸೋತಷ್ಟೂ ತಾಳ ಬೆರಳಿಗೆ ಇಳಿಯುತ್ತೆ ಕಣಕ್ಕಾ. ಇನ್ನೊಂದೇ ಜಿಗಿತ."

ಆ ಜಿಗಿತ ಬಾಕಿಯಿರುವಾಗಲೇ ಜ್ವರ ಬಂದು ತೀರಿಕೊಂಡ. ಅಕ್ಕ ಫೋನನ್ನು ಆರಿಸಿ ಬೀರುವಿನಲ್ಲಿಟ್ಟರು.

ಒಂದು ಮಧ್ಯಾಹ್ನ ಹೊಲಿಗೆಯಂತ್ರ ನಿಲ್ಲಿಸಿದರೂ ಟಕ್‌ಟಕ್ ಸದ್ದು ನಿಲ್ಲಲಿಲ್ಲ. ಬೀರು ತೆರೆದರೆ ಬಟ್ಟೆಗಳೆಲ್ಲ ತಣ್ಣಗಿದ್ದವು. ಆರಿದ ಫೋನಿನ ಗಾಜಿನ ಮೇಲೆ ಹೆಬ್ಬೆರಳಿನಗಲ ಜಾಗ ಮಾತ್ರ ಬಿಸಿಯಾಗಿತ್ತು. ಅಂದು ಸಂಜೆ ಹಂತ ಅವನ ಹೆಸರಿನಲ್ಲೇ ಎಲ್ಲರಿಗೂ ತೆರೆದಿತ್ತು.

ಅವನ ಜೊತೆ ಆಡುತ್ತಿದ್ದವರು, "ಸತ್ತವನು ಆಡ್ತಾನಾ? ಏನೋ ಮೋಸ ಮಾಡಿದ್ದಾರೆ" ಎಂದು ಆಟ ನಡೆಸುವ ಕಂಪನಿಗೆ ದೂರು ಕೊಟ್ಟು ಆ ಹಂತವನ್ನು ಅಳಿಸಿಹಾಕಿಸಿದರು.

"ಇದ್ದಾಗ ಹುಚ್ಚ ಅಂದ್ರು, ಹೋದ್ಮೇಲೆ ಕಳ್ಳ ಅಂದ್ರು," ಎಂದರು ಅಕ್ಕ, ಸೂಜಿಗೆ ದಾರ ಪೋಣಿಸುತ್ತ.

ಯಂತ್ರ ನಿಂತಿತ್ತು. ಬೀರುವಿನೊಳಗಿನ ಸದ್ದು ಆಗ ನನಗೂ ಕೇಳಿಸಿತು: ಒಂದಿಷ್ಟು ಬಡಿತ, ಒಂದು ಕ್ಷಣ ಮೌನ, ಮತ್ತೆ ಮೊದಲಿನಿಂದ.