ಬರ್ಫದ ಡಬ್ಬಿಯ ಇಲಿಗಳು

ಇಪ್ಪತ್ತೆರಡು ದಿನದಿಂದ ಹಾವು ಬಾಯಿ ತೆರೆದಿರಲಿಲ್ಲ. ಗದ್ದೆಮ್ಮನ ಗಂಟಲಲ್ಲೂ ರೊಟ್ಟಿ ಇಳಿಯುತ್ತಿರಲಿಲ್ಲ.

ಸಾಲಗುಂದದ ಗದ್ದೆಮ್ಮ ಸಿಂಧನೂರಿನ ದನದ ದವಾಖಾನೆಗೆ ನೀರು ಹೊರುವವಳು. ಹಾವು ಅಲ್ಲಿನ ಕಾಂಪೌಂಡರ್ ಹೊನ್ನೂರಪ್ಪನದು. ಟ್ರ್ಯಾಕ್ಟರಿಗೆ ಸಿಕ್ಕು ನಡು ಜಜ್ಜಿಹೋಗಿದ್ದ ಕೇರೆಹಾವನ್ನು ತಂದು, ಔಷಧ ಹಚ್ಚಿ, ಬಿದಿರುಬುಟ್ಟಿಯಲ್ಲಿ ಸಾಕಿದ್ದ. ಕಾಲುವೆಗೆ ನೀರು ಬಿಟ್ಟರೆ ಗದ್ದೆಯ ಬಿಲಗಳು ಮುಳುಗಿ ಇಲಿ ಸಿಗುವುದಿಲ್ಲ. ಅದಕ್ಕೇ ಸುಗ್ಗಿಯಲ್ಲಿ ಹಿಡಿದ ಇಲಿಗಳನ್ನು ಡಬ್ಬಿಗೆ ತುಂಬಿ, ಲಸಿಕೆ ಇಡುವ ಸೀಮೆಎಣ್ಣೆ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಟ್ಟಿದ್ದ. ಡಾಕ್ಟರು ಕಂಡೂ ಕಾಣದಂತಿದ್ದರು.

ಲಿಂಗಸುಗೂರಿಗೆ ವರ್ಗವಾದಾಗ ಹೊನ್ನೂರಪ್ಪ ಬುಟ್ಟಿಯನ್ನು ಅವಳ ಕೈಗಿತ್ತು, ಇಲಿಯ ಡಬ್ಬಿ ತೋರಿಸಿ, ಮನೆ ಸಿಕ್ಕಮೇಲೆ ಬಂದು ಒಯ್ಯುವೆನೆಂದ. ಇನ್ನೇನೋ ಹೇಳಲು ಅವಳ ಕಣ್ಣಲ್ಲಿ ಕಣ್ಣಿಟ್ಟ. ಬಸ್ಸು ಹಾರ್ನ್ ಹೊಡೆಯಿತು. ಪ್ರೀತಿ ಹೇಳಲು ಬಾರದೆ ಹಾವು ಕೊಟ್ಟು ಹೋದ, ಎಂಥ ಗಂಡಸೋ! ಇತ್ತ ಅಪ್ಪ ಬಳಗಾನೂರಿನ ವರನನ್ನು ಒಪ್ಪಿ, ನಾಗರಪಂಚಮಿಯ ಮರುದಿನ ನಿಶ್ಚಯಕ್ಕೆ ಬರಹೇಳಿದ್ದ. ಹಾವು ಸತ್ತರೆ ಹೊನ್ನೂರಪ್ಪ ಬರುವುದಾದರೂ ಯಾತಕ್ಕೆ?

ಹಾಲಿಟ್ಟಳು, ಹರಕೆ ಹೊತ್ತಳು. ಇಲಿಯನ್ನು ಬರ್ಫದಿಂದ ತೆಗೆದದ್ದೇ, ಕಲ್ಲಿನಂತಿರುವಾಗಲೇ ಬುಟ್ಟಿಗಿಟ್ಟಳು. ಪಂಚಮಿಗೆ ಹುತ್ತಕ್ಕೆ ಹಾಲೆರೆದು ತಂಪು ಮಾಡುವುದು, ಒಲೆಗೆ ಹೆಂಚಿಡದಿರುವುದು ಹಾವಿಗೆ ತಂಪು ಬೇಕೆಂದೇ ಅಲ್ಲವೇ? ಇಲಿ ಬೆಚ್ಚಗಾಯಿತೋ, ತೆಗೆದೆಸೆದು ಬೇರೆ ತಣ್ಣಗಿನದು ಇಡುತ್ತಿದ್ದಳು. ಕೊನೆಗೆ ಡಬ್ಬಿಯಲ್ಲಿ ಒಂದೇ ಉಳಿಯಿತು.

ಪಂಚಮಿಯ ಮಧ್ಯಾಹ್ನ ಹೊನ್ನೂರಪ್ಪ ದವಾಖಾನೆಗೆ ಬಂದ. ಹಾವನ್ನು ನೋಡಿದ, ಅವಳನ್ನೂ ನೋಡಿದ, ಇಬ್ಬರೂ ಸೊರಗಿದ್ದರು. ಇಲಿ ಹೇಗೆ ಕೊಟ್ಟೆ ಎಂದು ಕೇಳಿ ಹಣೆ ಹಣೆ ಬಡಿದುಕೊಂಡ. ಪ್ರತಿಸಲ ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದುದನ್ನು ಅವನು ಹೇಳಿಯೇ ಇರಲಿಲ್ಲ. ತಣ್ಣಗಿದ್ದರೆ ಅದು ಊಟವೆಂದೇ ಹಾವಿಗೆ ತಿಳಿಯುವುದಿಲ್ಲವಂತೆ.

“ಇವತ್ತ ನಾಗಪ್ಪಗ ಬಿಸಿ ತಾಕಸಬಾರದ್ರಿ,” ಎಂದಳು. ಅನ್ನುತ್ತಲೇ ಸೂಜಿ ಕುದಿಸುವ ಸ್ಟೋವಿಗೆ ಪಂಪು ಹೊಡೆದಳು. ಪಾಪ ಬಂದರೆ ತನಗೇ ಬರಲಿ, ಹಾವು ಉಳಿಯಲಿ.

ಬಿಸಿನೀರಲ್ಲಿ ಇಲಿ ಮೆತ್ತಗಾಯಿತು. ಅವಳು ಬಾಲ ಹಿಡಿದು ಅದನ್ನು ಬುಟ್ಟಿಯೊಳಗೆ ಇಳಿಬಿಟ್ಟಳು. ಅವನು ಅವಳ ಮಣಿಕಟ್ಟು ಹಿಡಿದುಕೊಂಡ. ಹಾವು ನಾಲಿಗೆ ಚಾಚಿತು. ಒಮ್ಮೆ ಹಿಂದೆ ಸರಿದು, ಗಬಕ್ಕನೆ ಕಚ್ಚಿಕೊಂಡಿತು.

ಗದ್ದೆಮ್ಮ ಬಿಕ್ಕಿದಳು. ಖುಷಿಗೆ ಅಳುತ್ತಾಳೆಂದು ಅವನು ತಿಳಿದ.

“ಇನ್ನ ಒಯ್ಯಾಕ ಅಡ್ಡಿಲ್ಲ ನಿಮಗ,” ಎಂದಳು. “ಇದು ಇರೋತನಕಾರ ಬರ್ತೀರಿ ಅಂತ ಕಾಯಾಕತ್ತಿದ್ದೆ. ನಾಳೆ ಬಳಗಾನೂರಿನವ್ರು ಬರ್ತಾರ. ನನ್ನ ಜೀವ ನಿಮ್ಮ ಮ್ಯಾಲ ಐತ್ರಿ. ಬ್ಯಾಡಂದ್ರ ಈಗ ಹೇಳಿಬಿಡ್ರಿ.”

ಹೊನ್ನೂರಪ್ಪ ಬುಟ್ಟಿ ಮುಚ್ಚಿದ.

“ಉಂಡ ಹಾವನ್ನ ಎರಡ ದಿನ ಅಲುಗಾಡಸಬಾರದು, ಬಸ್ಸಿನ್ಯಾಗ ಕಕ್ಕತೈತಿ,” ಎಂದ. “ನಾಳೀತನಕ ನಾ ಕಾಯಂಗಿಲ್ಲ. ನಿಮ್ಮಪ್ಪ ಈಗ ಮನ್ಯಾಗ ಅದಾರೇನು?”

ಅದಾರ್ರಿ ಎಂದು ಕಣ್ಣೊರೆಸಿಕೊಂಡು, ಸಾಲಗುಂದದ ದಾರಿಯಲ್ಲಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.